ಊರು ಕಟ್ಟಿದರು, ಊರಿನವರು ಸಾಲಲಿಲ್ಲ: ಗ್ಯಾಲಕ್ಸೀಸ್ ಎಡ್ಜ್ ಮತ್ತು ಅದರ ಮೊದಲ ಸಂದರ್ಶಕರು

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಅನಹೈಮ್‌ನಲ್ಲಿರುವ ಡಿಸ್ನಿಲ್ಯಾಂಡ್ ಉದ್ಯಾನದಲ್ಲಿ ‘ಸ್ಟಾರ್ ವಾರ್ಸ್’ ಎಂಬ ಬಾಹ್ಯಾಕಾಶ ಸಾಹಸದ ಚಿತ್ರಸರಣಿಯನ್ನು ಆಧರಿಸಿದ ‘ಸ್ಟಾರ್ ವಾರ್ಸ್: ಗ್ಯಾಲಕ್ಸೀಸ್ ಎಡ್ಜ್’ ಎಂಬ ವಿಭಾಗ 2019ರ ಮೇ 31ರಂದು ಸಾರ್ವಜನಿಕರಿಗೆ ತೆರೆಯಿತು. 2015ರ ಆಗಸ್ಟ್‌ನಲ್ಲಿ ಯೋಜನೆ ಪ್ರಕಟವಾಗಿ, 2016ರಲ್ಲಿ ಕೆಲಸ ಆರಂಭವಾಗಿ, 14 ಎಕರೆ ನೆಲದಲ್ಲಿ ಎದ್ದು ನಿಂತ ಈ ವಿಭಾಗಕ್ಕೆ ಕಾದಿದ್ದವರ ಸಂಖ್ಯೆ ಕಡಿಮೆಯದ್ದಾಗಿರಲಿಲ್ಲ. ಆದರೆ ಒಳಗೆ ಹೋಗಿ ಬಂದವರ ಮಾತುಗಳನ್ನು ಒಟ್ಟಿಗೆ ಇಟ್ಟು ಓದಿದರೆ, ಅವರೆಲ್ಲ ಒಂದೇ ಜಾಗಕ್ಕೆ ಹೋಗಿದ್ದರೇ ಎಂಬ ಅನುಮಾನ ಹುಟ್ಟುತ್ತದೆ. ಬೇರೊಂದು ಗ್ರಹದ ಮೇಲೆ ಕಾಲಿಟ್ಟು ಬಂದೆವೆಂದು ಗದ್ಗದಿತರಾಗಿ ಹೇಳಿದವರು ಒಂದು ಕಡೆ. ಅಂಗಡಿಗಳು, ಒಂದು ಸವಾರಿ ಮತ್ತು ಬಿಸಿಲು ಬಿಟ್ಟರೆ ಅಲ್ಲೇನೂ ಇರಲಿಲ್ಲವೆಂದು ಬೇಸರಿಸಿದವರು ಇನ್ನೊಂದು ಕಡೆ. ನನ್ನ ಮಟ್ಟಿಗೆ ಇಬ್ಬರ ಮಾತೂ ನಿಜ. ಈ ವಿಭಾಗವನ್ನು ಕಟ್ಟಿದವರು ಸಂದರ್ಶಕರನ್ನು ನೋಡುಗರೆಂದು ಭಾವಿಸದೆ ಕಥೆಯೊಳಗಿನ ಪಾತ್ರಗಳೆಂದು ಭಾವಿಸಿದ್ದರು. ಪಾತ್ರ ಸಿಕ್ಕವರು ಸಂತೋಷಪಟ್ಟರು, ಸಿಗದವರು ಗೋಡೆ ನೋಡಿಕೊಂಡು ಹೊರಬಂದರು.

ಮೊದಲ ನಿರ್ಧಾರವೇ ದಿಟ್ಟವಾದದ್ದು. ಚಿತ್ರಗಳಲ್ಲಿ ನೋಡಿದ ಯಾವ ಗ್ರಹವನ್ನೂ ಇಲ್ಲಿ ಮರುಸೃಷ್ಟಿಸಿಲ್ಲ. ಬಾಟೂ ಎಂಬ ಗ್ರಹವನ್ನೂ ಅದರ ಮೇಲಿನ ಬ್ಲ್ಯಾಕ್ ಸ್ಪೈರ್ ಔಟ್‌ಪೋಸ್ಟ್ ಎಂಬ ವ್ಯಾಪಾರದ ಊರನ್ನೂ ಈ ಉದ್ಯಾನಕ್ಕೆಂದೇ ಕಲ್ಪಿಸಲಾಯಿತು. ಯೋಜನೆಯ ಸೃಜನಾತ್ಮಕ ಮುಖ್ಯಸ್ಥ ಸ್ಕಾಟ್ ಟ್ರೋಬ್ರಿಡ್ಜ್ ಮತ್ತು ಅವರ ತಂಡ ಕೊಟ್ಟ ಕಾರಣ ತರ್ಕಬದ್ಧವಾಗಿಯೇ ಇದೆ: ಪರಿಚಿತ ಗ್ರಹವಾದರೆ ಅಲ್ಲಿ ನಡೆದ ಕಥೆ ಎಲ್ಲರಿಗೂ ಗೊತ್ತಿರುತ್ತದೆ, ಆ ಕಥೆಯಲ್ಲಿ ಸಂದರ್ಶಕನಿಗೆ ಜಾಗವಿರುವುದಿಲ್ಲ, ಅಪರಿಚಿತ ಗ್ರಹವಾದರೆ ಬಂದವನದೇ ಕಥೆ. ಹ್ಯಾರಿ ಪಾಟರ್ ವಿಭಾಗವನ್ನು 2010ರಲ್ಲಿ ಓರ್ಲಾಂಡೋದಲ್ಲಿ ತೆರೆದ ಪ್ರತಿಸ್ಪರ್ಧಿ ಉದ್ಯಾನ ಸಂಸ್ಥೆ ಯೂನಿವರ್ಸಲ್ ಇದಕ್ಕೆ ವಿರುದ್ಧವಾದ ದಾರಿ ಹಿಡಿದಿತ್ತು. ಅಲ್ಲಿ ಜನ ಓದಿದ ಮತ್ತು ನೋಡಿದ ಬೀದಿಯೇ, ಕೋಟೆಯೇ ಕಣ್ಣೆದುರು ನಿಂತಿತ್ತು. 2017ರಲ್ಲಿ ಡಿಸ್ನಿಯೇ ಫ್ಲೋರಿಡಾದಲ್ಲಿ ತೆರೆದ ಪಂಡೋರಾ ವಿಭಾಗ ‘ಅವತಾರ್’ ಚಿತ್ರದ ಲೋಕವನ್ನು ಉಳಿಸಿಕೊಂಡು ಚಿತ್ರದ ನಾಯಕರನ್ನು ಕೈಬಿಟ್ಟಿತ್ತು, ಆದರೂ ಜನ ಅದನ್ನು ಒಪ್ಪಿಕೊಂಡರು. ಬಾಟೂವಿನಲ್ಲಿ ಈ ಪ್ರಯೋಗ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ನಲವತ್ತಕ್ಕೂ ಹೆಚ್ಚು ವರ್ಷಗಳಿಂದ ಮನಸ್ಸಿನಲ್ಲಿ ಇಟ್ಟುಕೊಂಡ ಜಾಗಗಳನ್ನು ಕಾಣಲು ಬಂದವರಿಗೆ, ಹೆಸರೇ ಕೇಳದ ಊರೊಂದನ್ನು ತೋರಿಸಲಾಯಿತು.

ಊರು ಮಾತ್ರ ಅದ್ಭುತ. ಈ ವಿಷಯದಲ್ಲಿ ಮೆಚ್ಚಿದವರಿಗೂ ಮುನಿದವರಿಗೂ ಭಿನ್ನಾಭಿಪ್ರಾಯವಿಲ್ಲ. ವಿನ್ಯಾಸಕಾರರು ಇಸ್ತಾಂಬುಲ್, ಮೊರಾಕ್ಕೊ ಮತ್ತು ಜೆರುಸಲೇಮಿನ ಹಳೆಯ ಮಾರುಕಟ್ಟೆಗಳನ್ನು ಸುತ್ತಿ ಬಂದು ಕಟ್ಟಿದ ಈ ಗಲ್ಲಿಗಳಲ್ಲಿ, ಗೋಡೆಯ ಗಾರೆ ಉದುರಿದ ಜಾಗ, ಗುಂಡು ತಾಗಿದ ಗುರುತು, ಬಾಗಿಲ ಮೇಲಿನ ತುಕ್ಕು, ಒಂದು ಕಾಲದಲ್ಲಿ ಬಳಸಿ ಬಿಟ್ಟಂತೆ ಕಾಣುವ ತಂತಿ ಮತ್ತು ಕೊಳವೆಗಳು ಎಲ್ಲವೂ ಹೊಸದಾಗಿ ಮಾಡಿದ ಹಳತು. ಕಲ್ಲಾಗಿ ಹೋದ ಪ್ರಾಚೀನ ಮರಗಳ ಬೊಡ್ಡೆಗಳೆಂದು ಕಥೆ ಹೇಳುವ ಎತ್ತರದ ಶಿಖರಗಳು ಆಚೆಯ ಉದ್ಯಾನವನ್ನು ಕಣ್ಣಿನಿಂದ ಸಂಪೂರ್ಣ ಮರೆಮಾಡುತ್ತವೆ. ನೆಲದ ಕಾಂಕ್ರೀಟಿನಲ್ಲಿ ಈ ಚಿತ್ರಗಳ ಯಂತ್ರಮಾನವರಾದ ಡ್ರಾಯ್ಡ್‌ಗಳ ಚಕ್ರದ ಗುರುತುಗಳಿವೆ. ಚಿತ್ರೀಕರಣದಲ್ಲಿ ಬಳಸಿದ ಆರ್2-ಡಿ2 ಎಂಬ ಪ್ರಸಿದ್ಧ ಡ್ರಾಯ್ಡ್‌ನ ಮೂಲ ಮಾದರಿಯ ಚಕ್ರದ ಅಚ್ಚು ತೆಗೆದು ಈ ಗುರುತು ಮೂಡಿಸಲಾಗಿದೆ ಎಂಬುದನ್ನು ತಿಳಿದವರು ನೆಲ ನೋಡಿಕೊಂಡು ನಡೆದರು, ತಿಳಿಯದವರು ಅದರ ಮೇಲೆ ನಡೆದು ಹೋದರು.

ತಿರುವೊಂದನ್ನು ದಾಟಿದೊಡನೆ ಚಿತ್ರಸರಣಿಯ ಪ್ರಸಿದ್ಧ ನೌಕೆ ಮಿಲೇನಿಯಮ್ ಫಾಲ್ಕನ್ ಪೂರ್ಣ ಗಾತ್ರದಲ್ಲಿ ಕಾಣುತ್ತದೆ. 100 ಅಡಿಗೂ ಮೀರಿದ ಉದ್ದ, ಅಡಿಯಲ್ಲಿ ಆಗಾಗ ಹೊರಹೊಮ್ಮುವ ಹಬೆ, ಪಕ್ಕದಲ್ಲಿ ರಿಪೇರಿಯ ಸಾಮಾನು. ಮೊದಲ ದಿನಗಳ ಪ್ರತಿಕ್ರಿಯೆಗಳಲ್ಲಿ ಅತ್ಯಂತ ಪ್ರಾಮಾಣಿಕವಾದವು ಈ ಜಾಗಕ್ಕೆ ಸೇರಿದವು ಎಂದು ನನಗನಿಸುತ್ತದೆ. ಬಾಲ್ಯದಲ್ಲಿ ಆಟಿಕೆಯಾಗಿ ಕೈಯಲ್ಲಿ ಹಿಡಿದಿದ್ದ ನೌಕೆ ಈಗ ತಲೆಯ ಮೇಲಕ್ಕೆ ಚಾಚಿ ನಿಂತಿರುವುದನ್ನು ಕಂಡು ಮಧ್ಯವಯಸ್ಸಿನವರು ಕಣ್ಣೊರೆಸಿಕೊಂಡರು. ಜೊತೆಗಿದ್ದ ಮಕ್ಕಳಿಗೆ ದೊಡ್ಡವರು ಯಾಕೆ ಅಳುತ್ತಿದ್ದಾರೆಂದು ಅರ್ಥವಾಗಲಿಲ್ಲ. ಹೊಸ ಊರನ್ನು ಕಲ್ಪಿಸುವ ಹಟ ಹಿಡಿದವರು ಈ ಒಂದು ಹಳೆಯ ವಸ್ತುವನ್ನು ಅಲ್ಲಿ ತಂದಿಟ್ಟದ್ದರಿಂದಲೇ ಆ ಊರು ಹಲವರ ಪಾಲಿಗೆ ನಂಬಲರ್ಹವಾಯಿತು ಎಂಬುದನ್ನು ಗಮನಿಸಬೇಕು.

ಇದಾದ ಮೇಲೆ ಅಭಿಪ್ರಾಯಗಳು ಕವಲೊಡೆಯುತ್ತವೆ. ಈ ವಿಭಾಗದ ಒಳಗೆ ಹಿನ್ನೆಲೆ ಸಂಗೀತವಿರಲಿಲ್ಲ. ಚಿತ್ರಸರಣಿಯ ಸಂಗೀತ ಸಂಯೋಜಕ ಜಾನ್ ವಿಲಿಯಮ್ಸ್ ಈ ಉದ್ಯಾನಕ್ಕಾಗಿಯೇ ಹೊಸದೊಂದು ವಾದ್ಯಗೋಷ್ಠಿ ಕೃತಿ ರಚಿಸಿದ್ದರು, ಅದು 2020ರ ಜನವರಿಯಲ್ಲಿ ಗ್ರ್ಯಾಮಿ ಪ್ರಶಸ್ತಿಯನ್ನೂ ಪಡೆಯಿತು. ಆದರೆ ಊರಿನ ಬೀದಿಗಳಲ್ಲಿ ಕೇಳಿಸುತ್ತಿದ್ದುದು ದೂರದ ನೌಕೆಗಳ ಮೊರೆತ, ಯಾವುದೋ ಪ್ರಾಣಿಯ ಕೂಗು, ಅಂಗಡಿಯೊಳಗಿನ ರೇಡಿಯೋದ ಹಾಡು. ನಿಜವಾದ ಊರಿನಲ್ಲಿ ಆಕಾಶದಿಂದ ವಾದ್ಯಗೋಷ್ಠಿ ಕೇಳಿಸುವುದಿಲ್ಲ ಎಂಬುದು ತಂಡದ ವಾದ. ತರ್ಕ ಸರಿ, ಪರಿಣಾಮ ಸರಿಯಲ್ಲ. ಈ ಚಿತ್ರಸರಣಿಯನ್ನು ಜನ ಕಣ್ಣಿನಿಂದ ನೆನಪಿಟ್ಟುಕೊಂಡಷ್ಟೇ ಕಿವಿಯಿಂದಲೂ ನೆನಪಿಟ್ಟುಕೊಂಡಿದ್ದಾರೆ, ಆ ಸಂಗೀತ ಇಲ್ಲದಿದ್ದಾಗ ಏನು ಕೊರತೆಯೆಂದು ಹೇಳಲಾಗದಿದ್ದರೂ ಏನೋ ಕೊರತೆಯಿದೆ ಎಂದು ಬಹಳ ಮಂದಿ ಹೇಳಿದರು. ಅಂಗಡಿಯ ಸಾಮಾನುಗಳ ಮೇಲೂ ಚಿತ್ರದ ಹೆಸರು ಎದ್ದು ಕಾಣುತ್ತಿರಲಿಲ್ಲ, ಫಲಕಗಳು ಔರೆಬೆಶ್ ಎಂಬ ಕಾಲ್ಪನಿಕ ಲಿಪಿಯಲ್ಲಿದ್ದವು. ಕಟ್ಟಾ ಅಭಿಮಾನಿಗಳು ಇದನ್ನು ಕೊಂಡಾಡಿದರು; ಮಕ್ಕಳಿಗೆ ಒಂದು ಟಿ-ಶರ್ಟ್ ಕೊಂಡು ಹೋಗಲು ಬಂದ ಸಾಮಾನ್ಯ ಕುಟುಂಬಗಳು ಕಸಿವಿಸಿಗೊಂಡವು.

ಸಿಬ್ಬಂದಿಯ ವಿಷಯವೂ ಹಾಗೆಯೇ. ಅಂಗಡಿಯವರು, ತಿಂಡಿ ಮಾರುವವರು, ದಾರಿ ಗುಡಿಸುವವರು ಎಲ್ಲರೂ ಬಾಟೂವಿನ ನಿವಾಸಿಗಳ ಉಡುಪು ತೊಟ್ಟು, ಹಗಲಿಗೆ ‘ಬ್ರೈಟ್ ಸನ್ಸ್’ ಎಂದೂ ಇರುಳಿಗೆ ‘ರೈಸಿಂಗ್ ಮೂನ್ಸ್’ ಎಂದೂ ವಂದಿಸುತ್ತಿದ್ದರು. ಡಾಲರನ್ನು ಕ್ರೆಡಿಟ್ ಎನ್ನುತ್ತಿದ್ದರು, ಶೌಚಾಲಯಕ್ಕೆ ರಿಫ್ರೆಶರ್ ಎನ್ನುತ್ತಿದ್ದರು. ಮರುಮಾತಾಡುವ ಉತ್ಸಾಹವಿದ್ದವರಿಗೆ ಇದು ಆಟ; ಎಲ್ಲಿಂದ ಬಂದಿರಿ ಎಂದು ಕೇಳಿದಾಗ ಯಾವುದಾದರೂ ಗ್ರಹದ ಹೆಸರು ಹೇಳಿದವರ ಜೊತೆ ಅಂಗಡಿಯವರು ಐದು ನಿಮಿಷ ಕಥೆ ಕಟ್ಟಿದ ಉದಾಹರಣೆಗಳಿವೆ. ಅಳುವ ಮಗುವನ್ನು ಎತ್ತಿಕೊಂಡು ಶೌಚಾಲಯ ಹುಡುಕುತ್ತಿರುವ ತಾಯಿಗೆ ಇದೇ ಆಟ ಸಹನೆಯ ಪರೀಕ್ಷೆ. ಯಾರ ಜೊತೆ ಆಟ, ಯಾರಿಗೆ ನೇರ ಉತ್ತರ ಎಂಬುದನ್ನು ಗ್ರಹಿಸಬಲ್ಲ ನುರಿತ ಸಿಬ್ಬಂದಿ ಇದ್ದಲ್ಲಿ ಅನುಭವ ಚೆನ್ನಾಗಿತ್ತು, ಎಲ್ಲ ಕಡೆಯೂ ಅಂಥವರನ್ನು ನಿರೀಕ್ಷಿಸುವುದು ಯಾವ ಸಂಸ್ಥೆಗೂ ಕಷ್ಟ.

ಮೊಬೈಲ್ ಆ್ಯಪ್ ಬಗ್ಗೆ ಒಂದೆರಡು ಮಾತು ಸಾಕು. ‘ಪ್ಲೇ ಡಿಸ್ನಿ ಪಾರ್ಕ್ಸ್’ ಎಂಬ ಆ್ಯಪ್ ಈ ವಿಭಾಗದೊಳಗೆ ಬಂದೊಡನೆ ಚಿತ್ರಗಳ ಲೋಕದ ಕೈಗಣಕವಾದ ಡೇಟಾಪ್ಯಾಡ್ ಆಗಿ ಮಾರ್ಪಟ್ಟು, ಫಲಕಗಳ ಲಿಪಿಯನ್ನು ಅನುವಾದಿಸುತ್ತದೆ, ಬಾಗಿಲುಗಳ ಪಕ್ಕದ ಯಂತ್ರಗಳನ್ನು ಭೇದಿಸಲು ಬಿಡುತ್ತದೆ, ಯಾವ ಪಕ್ಷ ಸೇರುತ್ತೀರಿ ಎಂದು ಕೇಳುತ್ತದೆ. ಚಿಕ್ಕ ವಯಸ್ಸಿನವರು ಇದರಲ್ಲಿ ಮುಳುಗಿದರು. ಆದರೆ ಇಷ್ಟೊಂದು ವಿವರದಲ್ಲಿ ಕಟ್ಟಿದ ಊರಿನೊಳಗೆ ನಿಂತು ಜನ ಅಂಗೈಯಗಲದ ಪರದೆ ನೋಡುತ್ತಿರುವುದು ಕಟ್ಟಿದವರಿಗೆ ಸಂತೋಷದ ವಿಷಯವೇ ಎಂಬ ಪ್ರಶ್ನೆಯನ್ನು ಅನೇಕರು ಎತ್ತಿದರು, ಆ ಪ್ರಶ್ನೆಗೆ ನನ್ನ ಬಳಿಯೂ ಒಳ್ಳೆಯ ಉತ್ತರವಿಲ್ಲ.

ತೆರೆದ ದಿನ ಇದ್ದ ಏಕೈಕ ಸವಾರಿ ‘ಮಿಲೇನಿಯಮ್ ಫಾಲ್ಕನ್: ಸ್ಮಗ್ಲರ್ಸ್ ರನ್’. ಪಾತ್ರ ಸಿಕ್ಕವರು ಮತ್ತು ಸಿಗದವರ ನಡುವಿನ ಅಂತರ ಇಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಾಣಲಿಲ್ಲವಾದ್ದರಿಂದ ಇದರ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಸರತಿ ಸಾಲು ಹಳೆಯ ನೌಕಾ ನಿಲ್ದಾಣವೊಂದರ ಮೂಲಕ ಸಾಗುತ್ತದೆ. ಹೊಂಡೊ ಓಹ್ನಾಕಾ ಎಂಬ ಕಡಲ್ಗಳ್ಳನಂಥ ವ್ಯಾಪಾರಿಯ ಯಂತ್ರಮಾನವ ಕೈಕಾಲು, ಕಣ್ಣು, ತುಟಿಗಳನ್ನು ನಂಬಲಾಗದಷ್ಟು ಸಲೀಸಾಗಿ ಆಡಿಸುತ್ತ ನಿಮ್ಮನ್ನು ಕೆಲಸಕ್ಕೆ ಸೇರಿಸಿಕೊಳ್ಳುತ್ತಾನೆ. ಆಮೇಲೆ ನೌಕೆಯ ಒಳಾಂಗಣ: ಚದುರಂಗದಂಥ ಆಟದ ಆ ದುಂಡು ಮೇಜಿನ ಸುತ್ತಲಿನ ಬೆಂಚಿನ ಮೇಲೆ ಕೆಲವು ನಿಮಿಷ ಕೂರಬಹುದು, ಸರದಿ ಬರುವವರೆಗೆ ಎಲ್ಲವನ್ನೂ ಮುಟ್ಟಿ ನೋಡಬಹುದು. ಸವಾರಿಗಿಂತ ಈ ಕೊಠಡಿಯೇ ಚೆನ್ನಾಗಿತ್ತು ಎಂದವರ ಸಂಖ್ಯೆ ಸಣ್ಣದಲ್ಲ.

ಚಾಲಕರ ಕೋಣೆಯಲ್ಲಿ ಆರು ಆಸನಗಳು. ಮುಂದಿನ ಇಬ್ಬರು ಪೈಲಟ್‌ಗಳು, ನಡುವಿನ ಇಬ್ಬರು ಗನ್ನರ್‌ಗಳು, ಹಿಂದಿನ ಇಬ್ಬರು ಎಂಜಿನಿಯರ್‌ಗಳು. ಎಡಗಡೆಯ ಪೈಲಟ್ ನೌಕೆಯನ್ನು ಎಡಬಲಕ್ಕೆ ತಿರುಗಿಸಿದರೆ ಬಲಗಡೆಯವನು ಮೇಲೆ ಕೆಳಗೆ ನಡೆಸುತ್ತಾನೆ. ಬೆಳಕಿನ ವೇಗಕ್ಕೆ ಜಿಗಿಸುವ ಹಿಡಿಯನ್ನು ಎಳೆಯುವ ಭಾಗ್ಯವೂ ಅವನದೇ. ಎದುರಿನ ದೃಶ್ಯ ಮೊದಲೇ ಚಿತ್ರಿಸಿಟ್ಟ ಸಿನಿಮಾ ಅಲ್ಲ, ನೀವು ತಿರುಗಿಸಿದಂತೆ ಗಣಕಯಂತ್ರ ಅದನ್ನು ಆ ಕ್ಷಣದಲ್ಲೇ ರಚಿಸುತ್ತದೆ. ಹಾಗಾಗಿ ನೌಕೆ ಗೋಡೆಗೆ ಬಡಿದರೆ ಅದು ನಿಜಕ್ಕೂ ನಿಮ್ಮ ತಪ್ಪು. ಇಳಿದು ಹೊರಬರುವಾಗ ಹಾದುಹೋಗುವ ಓಣಿಯ ದೀಪಗಳು ಮಿನುಗಿ ಕಿಡಿ ಹಾರುವುದು ಕೂಡ ನೀವು ನೌಕೆಯನ್ನು ಎಷ್ಟು ಜಖಂಗೊಳಿಸಿದಿರಿ ಎಂಬುದನ್ನು ಅವಲಂಬಿಸಿರುತ್ತದೆ.

ಪೈಲಟ್ ಆದವರು ಇದನ್ನು ಆಕಾಶಕ್ಕೆತ್ತಿ ಹೊಗಳಿದರು. ಹಿಂದಿನ ಸಾಲಿನಲ್ಲಿ ಕೂತವರ ಅನುಭವ ಬೇರೆ. ಗನ್ನರ್ ಮತ್ತು ಎಂಜಿನಿಯರ್‌ಗಳ ಗುಂಡಿಗಳು ಆಸನದ ಪಕ್ಕದ ಗೋಡೆಯ ಮೇಲಿವೆ. ಮಿನುಗಿದ ಗುಂಡಿಯನ್ನು ಒತ್ತಲು ತಲೆ ತಿರುಗಿಸಿದರೆ ಎದುರಿನ ದೃಶ್ಯ ತಪ್ಪುತ್ತದೆ, ದೃಶ್ಯ ನೋಡುತ್ತ ಕೂತರೆ ಕೆಲಸ ತಪ್ಪುತ್ತದೆ. ಅದೂ ಅಲ್ಲದೆ ಮುಂದೆ ಕೂತ ಅಪರಿಚಿತರಿಬ್ಬರು ಒಬ್ಬರಿಗೊಬ್ಬರು ಹೊಂದಿಕೊಳ್ಳದೆ ನೌಕೆಯನ್ನು ಬಂಡೆಯಿಂದ ಬಂಡೆಗೆ ಬಡಿಸುತ್ತಿದ್ದರೆ ಹಿಂದಿನವರು ಕುಲುಕಾಟವನ್ನು ಅನುಭವಿಸಬೇಕಷ್ಟೆ. ಒಂದೇ ಕುಟುಂಬದ ಆರು ಮಂದಿ ಒಟ್ಟಿಗೆ ಹತ್ತಿ, ಮಕ್ಕಳನ್ನು ಮುಂದೆ ಕೂರಿಸಿ, ಕೂಗಾಡುತ್ತ ನಗುತ್ತ ಇಳಿದವರ ಮಾತು ಒಂದು ರೀತಿ. ಒಬ್ಬಂಟಿಯಾಗಿ ಹೋಗಿ ಎಂಜಿನಿಯರ್ ಚೀಟಿ ಪಡೆದವರ ಮಾತು ಇನ್ನೊಂದು ರೀತಿ. ಗಂಟೆಗಟ್ಟಲೆ ಕಾದು ಹೋದವರಿಗೆ ಯಾವ ಆಸನ ಸಿಗುತ್ತದೆ ಎಂಬುದು ಚೀಟಿ ಹಂಚುವವರ ಕೈಯಲ್ಲಿರುವುದು ವಿನ್ಯಾಸದ ದೋಷವೆಂದೇ ನನ್ನ ಅಭಿಪ್ರಾಯ. ಎಲ್ಲರಿಗೂ ಕೆಲಸ ಕೊಡಬೇಕೆಂಬ ಉದ್ದೇಶ ಒಳ್ಳೆಯದೇ, ಆದರೆ ಆರರಲ್ಲಿ ನಾಲ್ವರಿಗೆ ಕೊಟ್ಟದ್ದು ಕೆಲಸದ ನೆಪ ಮಾತ್ರ.

ಇಲ್ಲೇ ಒಂದು ಹಳೆಯ ಭರವಸೆಯನ್ನು ನೆನಪಿಸಬೇಕು. 2017ರಲ್ಲಿ ಈ ವಿಭಾಗದ ಮಾದರಿಯನ್ನು ಅಭಿಮಾನಿಗಳ ಸಮಾವೇಶದಲ್ಲಿ ಪರಿಚಯಿಸಿದಾಗ, ನೌಕೆಯನ್ನು ಹಾಳುಮಾಡಿ ತಂದವರ ಹೆಸರು ಹಣಕ್ಕಾಗಿ ಜನರನ್ನು ಬೆನ್ನಟ್ಟುವ ಬೇಟೆಗಾರನೊಬ್ಬನ ಪಟ್ಟಿಗೆ ಸೇರಬಹುದು, ಪಾನಗೃಹಕ್ಕೆ ಹೋದರೆ ಅಲ್ಲಿಯೂ ಅದರ ಬಿಸಿ ತಟ್ಟಬಹುದು ಎಂದು ಸಂಸ್ಥೆಯ ಅಧಿಕಾರಿಗಳು ಹೇಳಿದ್ದರು. ನೀವು ಮಾಡಿದ್ದು ಊರಿಗೆ ಗೊತ್ತಾಗುತ್ತದೆ ಎಂಬ ಆ ಕಲ್ಪನೆ ಜನರ ಮನಸ್ಸನ್ನು ಗಾಢವಾಗಿ ಹಿಡಿದಿತ್ತು. ತೆರೆದಾಗ ಕಂಡ ಊರಿಗೆ ಅಂಥ ನೆನಪಿನ ಶಕ್ತಿ ಇರಲಿಲ್ಲ. ನೌಕೆಯನ್ನು ಕೆಡಿಸಿ ಬಂದವನಿಗೂ ಕಾಪಾಡಿ ಬಂದವನಿಗೂ ಊರು ತೋರಿದ ಮುಖ ಹೆಚ್ಚು ಕಡಿಮೆ ಒಂದೇ. ಆರಂಭದ ನಿರಾಶೆಯಲ್ಲಿ ದೊಡ್ಡ ಪಾಲು ಈ ಭರವಸೆಗೆ ಸೇರಿದ್ದು. ಭರವಸೆ ಕೊಡದೇ ಇದ್ದಿದ್ದರೆ ಅದೇ ಸವಾರಿಯನ್ನು ಜನ ಇನ್ನಷ್ಟು ಉದಾರವಾಗಿ ಅಳೆಯುತ್ತಿದ್ದರು.

ಊಟತಿಂಡಿಯಲ್ಲಿ ಅತಿ ಹೆಚ್ಚು ಚರ್ಚೆಯಾದದ್ದು ನೀಲಿ ಹಾಲು ಮತ್ತು ಹಸಿರು ಹಾಲು. ತೆಂಗು ಮತ್ತು ಅಕ್ಕಿಯಿಂದ ಮಾಡಿದ, ಮಂಜಿನಂತೆ ಹೆಪ್ಪುಗಟ್ಟಿಸಿದ ಈ ಪಾನೀಯಗಳಲ್ಲಿ ಹಸುವಿನ ಹಾಲು ಇಲ್ಲ. ನೀಲಿಯದ್ದು ಹಣ್ಣಿನ ಸಿಹಿ, ಹಸಿರಿನದ್ದು ಹೂವಿನ ಪರಿಮಳ. ನೀಲಿಯನ್ನು ಅರ್ಧದಷ್ಟು ಜನ ಒಪ್ಪಿದಂತೆ ಕಾಣುತ್ತದೆ, ಹಸಿರನ್ನು ಮೆಚ್ಚಿದವರು ವಿರಳ. ಎರಡರ ಚಿತ್ರವನ್ನೂ ತೆಗೆಯದೆ ಬಿಟ್ಟವರು ಇನ್ನೂ ವಿರಳ. ಪಾಡ್‌ರೇಸರ್ ಎಂಬ ಪಂದ್ಯದ ವಾಹನದ ಹಳೆಯ ಎಂಜಿನ್ನಿನ ಬೆಂಕಿಯಲ್ಲಿ ಮಾಂಸ ಸುಡುವಂತೆ ತೋರುವ ರಾಂಟೊ ರೋಸ್ಟರ್ಸ್ ಅಂಗಡಿಯ ರೊಟ್ಟಿ ಸುರುಳಿಯನ್ನು ಹೆಚ್ಚಿನವರು ಒಪ್ಪಿಕೊಂಡರು. ಡಾಕಿಂಗ್ ಬೇ 7 ಎಂಬ ಭೋಜನಶಾಲೆಯಲ್ಲಿ ಇಟ್ಟಿದ್ದ ವಿಚಿತ್ರ ಆಕಾರದ ಲೋಹದ ಚಮಚಗಳನ್ನು ಮೊದಲ ದಿನಗಳಲ್ಲೇ ಸಂದರ್ಶಕರು ಜೇಬಿಗಿಳಿಸತೊಡಗಿದ್ದರಿಂದ ಅವನ್ನು ತೆಗೆದು ಸಾಮಾನ್ಯ ಚಮಚಗಳನ್ನು ಇಡಬೇಕಾಯಿತು, ಮುಂದೆ ಅದೇ ಚಮಚವನ್ನು ಬೆಲೆ ಕಟ್ಟಿ ಮಾರಿದರು. ಕಳ್ಳಸಾಗಣೆದಾರರ ಊರು ಎಂದು ಹೇಳಿ ಕರೆಸಿಕೊಂಡ ಮೇಲೆ ಇದನ್ನು ಪಾತ್ರದೊಳಗಿನ ವರ್ತನೆಯೆಂದೇ ಪರಿಗಣಿಸಬಹುದೇನೋ.

ಓಗಾಸ್ ಕ್ಯಾಂಟೀನಾ ಎಂಬ ಪಾನಗೃಹ, ಡಿಸ್ನಿಲ್ಯಾಂಡ್ ಉದ್ಯಾನದಲ್ಲಿ ಸಾರ್ವಜನಿಕರಿಗೆ ಮದ್ಯ ಕೊಟ್ಟ ಮೊದಲ ಜಾಗ. ಜಾಗ ಚಿಕ್ಕದು, ಸಾಲು ಉದ್ದ, ಒಳಗೆ ಇರಲು ಸಮಯದ ಮಿತಿ, ಬಹಳಷ್ಟು ಮಂದಿಗೆ ನಿಂತೇ ಕುಡಿಯುವ ಗತಿ. 1987ರ ‘ಸ್ಟಾರ್ ಟೂರ್ಸ್’ ಸವಾರಿಯಲ್ಲಿ ನೌಕೆ ನಡೆಸುತ್ತಿದ್ದ ಹಳೆಯ ಡ್ರಾಯ್ಡ್ ಇಲ್ಲಿ ಸಂಗೀತ ಹಾಕುವ ಡಿಜೆ ಆಗಿ ಕೆಲಸ ಮಾಡುತ್ತಿರುವುದನ್ನು ಗುರುತಿಸಿದವರಿಗೆ ಹೆಚ್ಚುವರಿ ಸಂತೋಷ.

ಬೆಲೆಯ ದೂರು ಜೋರಾಗಿ ಕೇಳಿಸಬೇಕಾದ ಜಾಗದಲ್ಲೇ ಮೆಚ್ಚುಗೆ ಜೋರಾಗಿ ಕೇಳಿಸಿದ್ದು ಈ ವಿಭಾಗದ ವಿಚಿತ್ರ. ಸಾವೀಸ್ ವರ್ಕ್‌ಶಾಪ್ ಎಂಬ ಮುಚ್ಚಿದ ಕೋಣೆಯಲ್ಲಿ ಒಂದು ಸಲಕ್ಕೆ 14 ಮಂದಿ ತಮ್ಮದೇ ಲೈಟ್‌ಸೇಬರ್, ಅಂದರೆ ಬೆಳಕಿನ ಖಡ್ಗ, ಜೋಡಿಸಿಕೊಳ್ಳಬಹುದು. ಆರಂಭದ ಬೆಲೆ 199.99 ಡಾಲರ್, ತೆರಿಗೆ ಬೇರೆ. ಪ್ರಾಚೀನ ಜ್ಞಾನವನ್ನು ಗುಟ್ಟಾಗಿ ಕಾಪಾಡುವ ಹಿರಿಯರ ಪಾತ್ರದಲ್ಲಿರುವ ಸಿಬ್ಬಂದಿ ಹಿಡಿಕೆಯ ನಾಲ್ಕು ಬಗೆಗಳನ್ನು ಪರಿಚಯಿಸುತ್ತಾರೆ, ಕೆಂಪು, ನೀಲಿ, ಹಸಿರು, ನೇರಳೆ ಹರಳುಗಳಲ್ಲಿ ಒಂದನ್ನು ಆರಿಸಿಕೊಳ್ಳಲು ಹೇಳುತ್ತಾರೆ, ಬಿಡಿಭಾಗಗಳನ್ನು ಕೈಯಾರೆ ಜೋಡಿಸುವ ಹೊತ್ತಿಗೆ ಕೋಣೆಯ ಬೆಳಕು ಇಳಿಯುತ್ತದೆ, ಕೊನೆಗೆ ಎಲ್ಲರೂ ಒಟ್ಟಿಗೆ ತಮ್ಮ ಖಡ್ಗಗಳನ್ನು ಬೆಳಗಿಸಿ ಮೇಲಕ್ಕೆತ್ತುತ್ತಾರೆ. ಇಪ್ಪತ್ತು ನಿಮಿಷದ ಈ ಕಾರ್ಯಕ್ರಮ ಮುಗಿಸಿ ಬಂದವರು ಬೆಲೆಯನ್ನು ಮರೆಯಲಿಲ್ಲ, ಆದರೆ ಕ್ಷಮಿಸಿದರು. ಇದೇ ಖಡ್ಗವನ್ನು ಗಾಜಿನ ಕಪಾಟಿನಿಂದ ತೆಗೆದು ಮಾರಿದ್ದರೆ ಯಾರೂ ಕ್ಷಮಿಸುತ್ತಿರಲಿಲ್ಲ. ಡ್ರಾಯ್ಡ್ ಡಿಪೋದಲ್ಲಿ 99.99 ಡಾಲರ್ ಕೊಟ್ಟು, ಚಲಿಸುವ ಪಟ್ಟಿಯ ಮೇಲೆ ಬರುವ ಬಿಡಿಭಾಗಗಳನ್ನು ಆರಿಸಿ, ತಮ್ಮದೇ ಪುಟ್ಟ ಡ್ರಾಯ್ಡ್ ಮಾಡಿಕೊಂಡ ಮಕ್ಕಳ ಸಂತೋಷವೂ ಇದೇ ಜಾತಿಯದು. ಊರಿನ ಕೆಲವು ಜಾಗಗಳಿಗೆ ಹೋದಾಗ ಆ ಡ್ರಾಯ್ಡ್ ತಾನಾಗಿಯೇ ಪ್ರತಿಕ್ರಿಯಿಸುತ್ತದೆ. ಈ ಎರಡೂ ಅಂಗಡಿಗಳು ಸಂದರ್ಶಕನ ಕೈಗೆ ಪೂರ್ಣ ಪ್ರಮಾಣದ ಪಾತ್ರವನ್ನು ಕೊಡುತ್ತವೆ. ತೊಂದರೆಯೆಂದರೆ ಆ ಪಾತ್ರಕ್ಕೆ ಪ್ರತ್ಯೇಕ ದರವಿದೆ. ಪ್ರವೇಶದ ಟಿಕೆಟ್ಟಿಗೆ 100 ಡಾಲರಿಗೂ ಮೀರಿ ಕೊಟ್ಟು ಬಂದ ಕುಟುಂಬಕ್ಕೆ, ಕಥೆಯೊಳಗೆ ಹೋಗಲು ಇನ್ನೂ 200 ಡಾಲರ್ ಬೇಕೆಂದಾಗ ಅಸಮಾಧಾನ ಹುಟ್ಟಿದರೆ ಅದನ್ನು ಜಿಪುಣತನ ಎನ್ನಲಾಗದು.

ಜನಸಂದಣಿಯ ಕಥೆ ಎಲ್ಲರ ನಿರೀಕ್ಷೆಯನ್ನೂ ತಲೆಕೆಳಗು ಮಾಡಿತು. ನೂಕುನುಗ್ಗಲು ಆಗುತ್ತದೆಂಬ ಭಯದಿಂದ ಮೊದಲ ಮೂರು ವಾರ, ಅಂದರೆ ಜೂನ್ 23ರವರೆಗೆ, ಮುಂಗಡ ಕಾಯ್ದಿರಿಸಿದವರಿಗೆ ಮಾತ್ರ ಪ್ರವೇಶ ಕೊಟ್ಟು, ಒಬ್ಬೊಬ್ಬರಿಗೂ ನಾಲ್ಕು ಗಂಟೆಗಳ ಅವಧಿ ನಿಗದಿ ಮಾಡಿದ್ದರು. ಈ ಅವಧಿಯಲ್ಲಿ ಹೋದವರು ಹೆಚ್ಚಾಗಿ ಕಟ್ಟಾ ಅಭಿಮಾನಿಗಳು, ಮತ್ತು ಅವರ ಪ್ರತಿಕ್ರಿಯೆಗಳು ಬಹುತೇಕ ಒಳ್ಳೆಯವೇ. ಅದರ ನಂತರವೂ ಭಾರಿ ಜನಜಾತ್ರೆ ನೆರೆಯಲಿಲ್ಲ. ಆಗಸ್ಟ್‌ನಲ್ಲಿ ಡಿಸ್ನಿ ಸಂಸ್ಥೆಯ ಆಗಿನ ಮುಖ್ಯಸ್ಥ ಬಾಬ್ ಐಗರ್ ತ್ರೈಮಾಸಿಕ ವರದಿಯ ಸಂದರ್ಭದಲ್ಲಿ, ಜನಸಂದಣಿಗೆ ಹೆದರಿ ಕೆಲವರು ಭೇಟಿಯನ್ನು ಮುಂದೂಡಿದ್ದನ್ನೂ ಸುತ್ತಲಿನ ಹೋಟೆಲುಗಳು ದರ ಏರಿಸಿದ್ದನ್ನೂ ಹಾಜರಿ ಕುಗ್ಗಿದ್ದಕ್ಕೆ ಕಾರಣಗಳೆಂದು ಹೇಳಿದರು. ವಾರ್ಷಿಕ ಪಾಸ್ ಹೊಂದಿದ ಸ್ಥಳೀಯರಲ್ಲಿ ಅನೇಕರಿಗೆ ಆ ದಿನಗಳಲ್ಲಿ ಪ್ರವೇಶ ನಿರ್ಬಂಧವೂ ಇತ್ತು. ಇದರಿಂದ ಸಂದರ್ಶಕರಿಗೆ ಲಾಭವೇ ಆಯಿತು, ಸವಾರಿಗೆ ಕಾಯುವ ಸಮಯ ಹಲವು ದಿನ ಹೆದರಿದ್ದಕ್ಕಿಂತ ಎಷ್ಟೋ ಕಡಿಮೆಯಿತ್ತು. ಆದರೆ ಖಾಲಿ ಬೀದಿಗಳು ಇನ್ನೊಂದು ಸಂಗತಿಯನ್ನು ಬಯಲು ಮಾಡಿದವು.

ಆ ಸಂಗತಿಯೆಂದರೆ ಊರಿನಲ್ಲಿ ಊರಿನವರು ಸಾಲದೇ ಇದ್ದದ್ದು. ಯೋಜನೆಯ ಹಂತದಲ್ಲಿ ಬಿಡುಗಡೆಯಾದ ವರ್ಣಚಿತ್ರಗಳ ತುಂಬ ಬೇರೆ ಬೇರೆ ಗ್ರಹಗಳ ಜೀವಿಗಳು, ತಿರುಗಾಡುವ ಡ್ರಾಯ್ಡ್‌ಗಳು, ವ್ಯಾಪಾರಿಗಳು ಇದ್ದರು. ನಿಜವಾದ ಬೀದಿಯಲ್ಲಿ ಹೊಸ ಚಿತ್ರಗಳ ನಾಯಕಿ ರೇ, ಫಾಲ್ಕನ್‌ನ ರೋಮಮಯ ಸಹಪೈಲಟ್ ಚ್ಯೂಬಾಕಾ, ಖಳ ಕೈಲೋ ರೆನ್, ವೈ ಮೊರಾಡಿ ಎಂಬ ಗೂಢಚಾರಿಣಿ ಮತ್ತು ಶತ್ರುಪಡೆಯ ಸೈನಿಕರಾದ ಇಬ್ಬರು ಮೂವರು ಸ್ಟಾರ್ಮ್‌ಟ್ರೂಪರ್‌ಗಳು ಆಗಾಗ ಕಾಣಿಸಿಕೊಳ್ಳುತ್ತಿದ್ದರು. ಅವರು ಸುಮ್ಮನೆ ನಿಂತು ಫೋಟೋಗೆ ಮುಖ ಕೊಡದೆ ಜನರ ನಡುವೆ ನುಗ್ಗಿ ಮಾತಿಗೆಳೆಯುತ್ತಿದ್ದದ್ದು ಎಲ್ಲರಿಗೂ ಹಿಡಿಸಿತು; ಪುಟ್ಟ ಹುಡುಗಿಯೊಬ್ಬಳ ಕಡೆ ಬಾಗಿ ಬಂಡುಕೋರರನ್ನು ಕಂಡೆಯಾ ಎಂದು ವಿಚಾರಿಸುವ ಸ್ಟಾರ್ಮ್‌ಟ್ರೂಪರ್, ಅವನನ್ನು ದಾರಿ ತಪ್ಪಿಸಲು ಕಳ್ಳನಗೆಯಿಂದ ತಪ್ಪು ದಿಕ್ಕು ತೋರುವ ಹುಡುಗಿ, ಇಂಥ ದೃಶ್ಯಗಳ ವಿಡಿಯೋಗಳೇ ಹೆಚ್ಚು ಹರಿದಾಡಿದವು. ಇವರ ಸಂಖ್ಯೆ ಹತ್ತು ಪಟ್ಟು ಇದ್ದಿದ್ದರೆ ಈ ಲೇಖನದ ಅರ್ಧ ಬರೆಯಬೇಕಾಗಿಯೇ ಇರಲಿಲ್ಲ. ಅವರಿಲ್ಲದ ಹೊತ್ತಿನಲ್ಲಿ ಬೀದಿ ನಾಟಕ ಮುಗಿದ ಮೇಲಿನ ರಂಗಸಜ್ಜಿಕೆಯಂತೆ ನಿಂತಿರುತ್ತಿತ್ತು. ನೆರಳು ಕಡಿಮೆ, ಕೂರುವ ಜಾಗ ಕಡಿಮೆ ಎಂಬ ದೂರುಗಳೂ ಇದಕ್ಕೆ ಅಂಟಿಕೊಂಡೇ ಬಂದವು. ನೋಡಲು ಏನಾದರೂ ನಡೆಯುತ್ತಿದ್ದರೆ ಜನ ಬಿಸಿಲನ್ನು ಅಷ್ಟಾಗಿ ಲೆಕ್ಕಿಸುವುದಿಲ್ಲ.

ಕಾಲದ ಆಯ್ಕೆಯೂ ತೊಡಕಾಯಿತು. ಇಡೀ ಊರನ್ನು ಹೊಸ ಮೂರು ಚಿತ್ರಗಳ ಕಾಲಘಟ್ಟದಲ್ಲಿ ಬಿಗಿಯಾಗಿ ನಿಲ್ಲಿಸಿದ್ದರಿಂದ ಹಳೆಯ ಚಿತ್ರಗಳ ಖಳ ಡಾರ್ತ್ ವೇಡರ್ ಆಗಲಿ ನಾಯಕ ಲೂಕ್ ಆಗಲಿ ಇಲ್ಲಿ ಕಾಲಿಡುವಂತಿರಲಿಲ್ಲ. ಮೇ 29ರ ಉದ್ಘಾಟನಾ ಸಮಾರಂಭಕ್ಕೆ ಚಿತ್ರಸರಣಿಯ ಸೃಷ್ಟಿಕರ್ತ ಜಾರ್ಜ್ ಲೂಕಾಸ್ ಜೊತೆಗೆ ಹಳೆಯ ಚಿತ್ರಗಳ ನಟರಾದ ಹ್ಯಾರಿಸನ್ ಫೋರ್ಡ್, ಮಾರ್ಕ್ ಹ್ಯಾಮಿಲ್, ಬಿಲ್ಲಿ ಡೀ ವಿಲಿಯಮ್ಸ್ ಬಂದು ವೇದಿಕೆಯ ಮೇಲೆ ನಿಂತಿದ್ದರು. ಅವರು ಆಡಿದ ಪಾತ್ರಗಳಿಗೆ ಮಾತ್ರ ಆ ಊರಿನಲ್ಲಿ ಜಾಗವಿರಲಿಲ್ಲ. ಕಥೆಯ ಕಾಲಕ್ರಮ ಕೆಡಬಾರದೆಂಬ ಕಾಳಜಿ ಬರವಣಿಗೆಗೆ ಸಲ್ಲುವಂಥದ್ದು. ತನ್ನ ತಂದೆಗೆ ಇಷ್ಟವಾದ ಪಾತ್ರವನ್ನು ನೋಡಲು ಬಂದ ಎಂಟು ವರ್ಷದ ಮಗುವಿಗೆ ಕಾಲಕ್ರಮವನ್ನು ವಿವರಿಸುವುದು ಹೇಗೆ?

ಫ್ಲೋರಿಡಾದ ಡಿಸ್ನಿ ಹಾಲಿವುಡ್ ಸ್ಟುಡಿಯೋಸ್‌ನಲ್ಲಿ ಇದರ ಜೋಡಿ ವಿಭಾಗ 2019ರ ಆಗಸ್ಟ್ 29ರಂದು ತೆರೆಯಿತು. ಅಲ್ಲಿ ಡಿಸೆಂಬರ್ 5ರಂದು, ಕ್ಯಾಲಿಫೋರ್ನಿಯಾದಲ್ಲಿ 2020ರ ಜನವರಿ 17ರಂದು ಎರಡನೆಯ ಸವಾರಿ ‘ರೈಸ್ ಆಫ್ ದಿ ರೆಸಿಸ್ಟೆನ್ಸ್’ ಆರಂಭವಾದ ಮೇಲೆ ಪ್ರತಿಕ್ರಿಯೆಗಳ ಸ್ವರವೇ ಬದಲಾಯಿತು. ಬಂಡುಕೋರರ ಪಡೆಗೆ ಹೊಸದಾಗಿ ಸೇರಿದವರಾಗಿ ನೀವು ನೌಕೆಯೊಂದನ್ನು ಹತ್ತುತ್ತೀರಿ, ಶತ್ರುಗಳು ಅದನ್ನು ಸೆಳೆದುಕೊಳ್ಳುತ್ತಾರೆ, ಹತ್ತಿದ ಬಾಗಿಲೇ ಮತ್ತೆ ತೆರೆದಾಗ ಹೊರಗೆ ವಿಶಾಲವಾದ ಹಜಾರ, ಸಾಲಾಗಿ ನಿಂತ ಐವತ್ತು ಸ್ಟಾರ್ಮ್‌ಟ್ರೂಪರ್‌ಗಳು, ಅವರ ಹಿಂದೆ ನಕ್ಷತ್ರಗಳು ಕಾಣುವ ಬೃಹತ್ ಕಿಟಕಿ. ಬೂದು ಸಮವಸ್ತ್ರದ ಅಧಿಕಾರಿಗಳು ನಗೆಯ ಸುಳಿವೂ ಇಲ್ಲದೆ ಗದರಿಸಿ ಸಾಲಿನಲ್ಲಿ ನಿಲ್ಲಿಸುತ್ತಾರೆ, ಸೆರೆಕೋಣೆಗೆ ತಳ್ಳುತ್ತಾರೆ. ಗೋಡೆಯನ್ನು ಖಡ್ಗವೊಂದು ಕೊರೆದು ದಾರಿ ಮಾಡಿಕೊಡುತ್ತದೆ. ಹಳಿಯಿಲ್ಲದೆ ಚಲಿಸುವ ವಾಹನಗಳಲ್ಲಿ ದೈತ್ಯ ನಡೆಯಂತ್ರಗಳ ಕಾಲುಗಳ ನಡುವೆ ತಪ್ಪಿಸಿಕೊಂಡು ಹೋಗಬೇಕು. ಎಲ್ಲ ಸೇರಿ ಹದಿನೈದು ನಿಮಿಷಕ್ಕೂ ಹೆಚ್ಚು. ಆರಂಭದ ದಿನಗಳಲ್ಲಿ ಯಂತ್ರದೋಷದಿಂದ ಸವಾರಿ ಪದೇಪದೇ ನಿಲ್ಲುತ್ತಿತ್ತು. ಬೆಳಗ್ಗೆ ಉದ್ಯಾನ ತೆರೆದ ಸ್ವಲ್ಪ ಹೊತ್ತಿನಲ್ಲೇ ಮೊಬೈಲಿನಲ್ಲಿ ಹಂಚುವ ಸರದಿಗಳು ಮುಗಿದುಹೋಗುತ್ತಿದ್ದವು. ಇಷ್ಟಾದರೂ ಸರದಿ ಸಿಕ್ಕವರಲ್ಲಿ ಬಹುಪಾಲು ಮಂದಿ ತಾವು ಕಂಡ ಅತ್ಯುತ್ತಮ ಸವಾರಿ ಇದೆಂದರು.

ಕಾರಣ ತಂತ್ರಜ್ಞಾನವೊಂದೇ ಅಲ್ಲ ಎಂಬುದು ನನ್ನ ವಾದ. ಇಲ್ಲಿ ಸಂದರ್ಶಕನಿಗೆ ಕೊಟ್ಟ ಪಾತ್ರಕ್ಕೆ ಯಾವ ಕೌಶಲವೂ ಬೇಡ, ಗುಂಡಿ ಒತ್ತಬೇಕಿಲ್ಲ, ಚೀಟಿಯ ಅದೃಷ್ಟ ಬೇಕಿಲ್ಲ, ಹೆಚ್ಚುವರಿ ಹಣ ಬೇಕಿಲ್ಲ. ಸೆರೆಸಿಕ್ಕವನಾಗಿ ಎಲ್ಲರೂ ಸಮಾನರು, ಮತ್ತು ಗದರಿಸುವವರು ರಕ್ತಮಾಂಸದ ಮನುಷ್ಯರು. ಬೀದಿಯಲ್ಲಿ ಕಾಣದ ಊರಿನವರು ಈ ಕಟ್ಟಡದೊಳಗೆ ಸಿಕ್ಕರು. ಪಾತ್ರವನ್ನು ಹಣಕ್ಕೆ ಕಟ್ಟಿಹಾಕುವ ದಾರಿಯ ತುತ್ತತುದಿಯನ್ನು ಫ್ಲೋರಿಡಾದ ‘ಗ್ಯಾಲಕ್ಟಿಕ್ ಸ್ಟಾರ್‌ಕ್ರೂಸರ್’ ಹೋಟೆಲಿನಲ್ಲಿ ಕಾಣಬಹುದಿತ್ತು. ಇಬ್ಬರಿಗೆ ಎರಡು ರಾತ್ರಿಗೆ ಸುಮಾರು 4,800 ಡಾಲರಿನಿಂದ ಶುರುವಾಗುತ್ತಿದ್ದ, ನಟರೊಡನೆ ಕಥೆಯೊಳಗೇ ವಾಸಿಸುವ ಆ ಹೋಟೆಲು 2022ರ ಮಾರ್ಚ್‌ನಲ್ಲಿ ತೆರೆದು 2023ರ ಸೆಪ್ಟೆಂಬರ್‌ನಲ್ಲಿ ಮುಚ್ಚಿತು. ಹೋದವರಲ್ಲಿ ಬಹಳ ಮಂದಿ ಅದನ್ನು ಪ್ರೀತಿಸಿದರು, ಹೋಗಬಲ್ಲವರು ಸಾಕಷ್ಟು ಇರಲಿಲ್ಲ.

ಮೊದಲ ಸಂದರ್ಶಕರ ದೂರುಗಳನ್ನು ನಿರ್ವಾಹಕರು ತಡವಾಗಿಯಾದರೂ ಕೇಳಿಸಿಕೊಂಡಂತೆ ಕಾಣುತ್ತದೆ. 2022ರಲ್ಲಿ ಬೇರೆ ಕಾಲಘಟ್ಟದ ಪಾತ್ರಗಳಾದ ಬೋಬಾ ಫೆಟ್, ಆಮೇಲೆ ಮ್ಯಾಂಡಲೋರಿಯನ್ ಮತ್ತು ಪುಟ್ಟ ಗ್ರೋಗು ಕ್ಯಾಲಿಫೋರ್ನಿಯಾದ ಬೀದಿಗಳಿಗೆ ಬಂದಾಗಲೇ ಕಾಲಘಟ್ಟದ ಬಿಗಿ ಸಡಿಲವಾಗಿತ್ತು. 2026ರ ಏಪ್ರಿಲ್‌ನಿಂದ ಅಲ್ಲಿ ಡಾರ್ತ್ ವೇಡರ್, ಲೇಯಾ, ಹಾನ್ ಸೋಲೊ ಮುಂತಾದ ಹಳೆಯ ಪಾತ್ರಗಳಿಗೆ ಪ್ರವೇಶ ಕೊಡುವುದಾಗಿಯೂ ಜಾನ್ ವಿಲಿಯಮ್ಸ್ ಅವರ ಸಂಗೀತವನ್ನು ಬೀದಿಗಳಲ್ಲಿ ಕೇಳಿಸುವುದಾಗಿಯೂ ಸಂಸ್ಥೆ ಪ್ರಕಟಿಸಿತು. ಹೋಗಬೇಕೆಂದಿರುವವರಿಗೆ ನನ್ನ ಸಲಹೆ ಇಷ್ಟೆ: ಕತ್ತಲಾದ ಮೇಲೂ ಉಳಿಯುವಂತೆ ದಿನವನ್ನು ಹೊಂದಿಸಿಕೊಳ್ಳಿ, ಏಕೆಂದರೆ ಬಿಸಿಲಿನ ದೂರು ಆಗ ಇರುವುದಿಲ್ಲ ಮತ್ತು ದೀಪಗಳಲ್ಲಿ ಈ ಊರು ಇನ್ನೂ ಚೆನ್ನಾಗಿ ಕಾಣುತ್ತದೆ, ಖಡ್ಗಕ್ಕೆ ಹಣವಿಲ್ಲದಿದ್ದರೆ ಅಂಗಡಿಗಳನ್ನು ಬಿಟ್ಟು ಎರಡೂ ಸವಾರಿಗಳಿಗೆ ಸಮಯ ಕೊಡಿ, ಫಾಲ್ಕನ್‌ಗೆ ಒಬ್ಬರೇ ಹೋಗದೆ ಆರು ಜನರ ಗುಂಪು ಕಟ್ಟಿಕೊಂಡು ಹೋಗಿ, ಯಾರು ಯಾವ ಆಸನಕ್ಕೆ ಎಂಬ ಜಗಳವನ್ನು ಸಾಲಿನಲ್ಲಿ ನಿಂತಾಗಲೇ ಮುಗಿಸಿಕೊಳ್ಳಿ.